ಓಡುವಾಗ ಒಣ, ನಿಂತಾಗ ಒದ್ದೆ: ಒಂದು ಮಾರಿಸ್ ಮೈನರ್ ಕಾರಿನ ಪೆಟ್ರೋಲ್ ಲೀಕ್

ಕಾರು 1954ರ ಮಾರಿಸ್ ಮೈನರ್, ಸೀರೀಸ್ 2. ಬಸವನಗುಡಿಯ ಹಳೇ ಮನೆಯೊಂದರ ಪೋರ್ಟಿಕೋದಲ್ಲಿ ನಿಲ್ಲುತ್ತದೆ. ಈಗಿನ ಮಾಲೀಕರ ತಂದೆ ಕೊಂಡದ್ದು. ಮಾಲೀಕರಿಗೆ ಎಪ್ಪತ್ತು ದಾಟಿದೆ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡುತ್ತಾರೆ, ಹಳೇ ಕಾರುಗಳ ರ್‍ಯಾಲಿ ಇದ್ದರೆ ತಪ್ಪದೆ ಹೋಗುತ್ತಾರೆ. ಹಳೇ ಕಾರು ರಿಪೇರಿ ಮಾಡುವ ನನಗೆ ಬಂದ ದೂರು ಸರಳವಾಗಿತ್ತು: ಪೆಟ್ರೋಲ್ ವಾಸನೆ. ಬೇರೊಂದು ಗ್ಯಾರೇಜಿನಲ್ಲಿ ಬಾನೆಟ್ ಒಳಗಿನ ಪೈಪ್ ಬದಲಾಯಿಸಿ ಕ್ಲಿಪ್ ಬಿಗಿ ಮಾಡಿಕೊಟ್ಟಿದ್ದರು. ಕೆಲವು ವಾರ ವಾಸನೆ ಕಡಿಮೆಯಾಗಿ, ಮತ್ತೆ ಶುರುವಾಗಿತ್ತು. ಜೊತೆಗೆ ನಂದಿ ಬೆಟ್ಟದ ಏರಿನಲ್ಲಿ ಕಾರು ಮುಗ್ಗರಿಸಿತ್ತು. ಪೆಟ್ರೋಲ್ ಸಾಲದ ಹಾಗೆ ಎಂಜಿನ್ ಕೆಮ್ಮುವುದು, ಸ್ವಲ್ಪ ಹೊತ್ತು ನಿಲ್ಲಿಸಿದರೆ ಸರಿಹೋಗುವುದು. ಇದನ್ನು ಅವರು ವಾಸನೆಯ ಜೊತೆ ಸೇರಿಸಿ ಹೇಳಲಿಲ್ಲ. ಅದೊಂದು ಬೇರೆ ಕಾಯಿಲೆ ಅಂತಲೇ ಅವರ ಲೆಕ್ಕ.

ನಾನು ಕೇಳಿದ ಮೊದಲ ಪ್ರಶ್ನೆ: "ಸರ್, ಟ್ಯಾಂಕಲ್ಲಿ ಪೆಟ್ರೋಲ್ ಎಷ್ಟಿದ್ದಾಗ ವಾಸನೆ ಬರುತ್ತೆ?"

ಅವರು ಯೋಚನೆ ಮಾಡುತ್ತಿದ್ದರು. ಉತ್ತರ ಬಂದದ್ದು ಅವರ ಸೊಸೆಯಿಂದ. "ಫುಲ್ ಮಾಡಿಸಿಕೊಂಡು ಬಂದ ರಾತ್ರಿ ಜಾಸ್ತಿ ಇರುತ್ತೆ ಮಾವ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕೋಕೆ ಬಂದ್ರೆ ಮೂಗು ಮುಚ್ಕೋಬೇಕು. ಅರ್ಧ ಖಾಲಿಯಾದ ಮೇಲೆ ಗೊತ್ತೇ ಆಗಲ್ಲ."

ಈ ಒಂದು ಮಾತಿನಿಂದಲೇ ಅರ್ಧ ಕೆಲಸ ಮುಗಿದಿತ್ತು ಅಂತ ಈಗಲೂ ನಂಬುತ್ತೇನೆ. ಗಾಡಿ ಓಡಿಸುವವರನ್ನು ಎಲ್ಲರೂ ಕೇಳುತ್ತಾರೆ. ಗಾಡಿ ನಿಂತಿರುವ ಜಾಗದಲ್ಲಿ ದಿನವೂ ಓಡಾಡುವವರನ್ನು ಯಾರೂ ಕೇಳುವುದಿಲ್ಲ.

ಆದರೆ ಲೀಕ್ ಹುಡುಕುವುದಕ್ಕೂ ಮುಂಚೆ ಇನ್ನೊಂದು ಕೆಲಸವಿತ್ತು. ಕಾರು ನಿಲ್ಲುತ್ತಿದ್ದದ್ದು ಸಂಪಿನ ಮೇಲೆ.

ಬೆಂಗಳೂರಿನ ಮನೆಗಳಲ್ಲಿ ಇದು ತೀರಾ ಸಾಮಾನ್ಯ. ಕಾವೇರಿ ನೀರು ಬಿಡುವ ಹೊತ್ತಿಗೆ ತುಂಬಿಸಿಕೊಳ್ಳಲು ನೆಲದೊಳಗೆ ಸಂಪ್, ಅದರ ಮೇಲೆ ಕಾರು. ಸಂಪಿನ ಕಬ್ಬಿಣದ ಮುಚ್ಚಳ ಎಂದೂ ಪೂರ್ತಿ ಬಿಗಿಯಾಗಿ ಕೂರುವುದಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೆ ಹೋಗಿ ಚದುರುವುದಿಲ್ಲ. ನೆಲದ ಮೇಲೆ ಹರಿದು ತಗ್ಗಿಗೆ ಇಳಿಯುತ್ತದೆ. ಅರ್ಧ ಖಾಲಿ ಇರುವ ಸಂಪು ಅದಕ್ಕೆ ಹೇಳಿ ಮಾಡಿಸಿದ ಜಾಗ. ಗಾಳಿಯಲ್ಲಿ ಆವಿ ಶೇಕಡಾ 1.4ರಿಂದ 7.6ರಷ್ಟಿದ್ದರೆ ಒಂದು ಕಿಡಿ ಸಾಕು. ಪೆಟ್ರೋಲ್ ಸುಮಾರು ಮೈನಸ್ 40 ಡಿಗ್ರಿ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಹಾಗಾಗಿ ನಮ್ಮ ಊರಿನ ತಂಪು ಬೆಳಗು ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಆ ಮನೆಯಲ್ಲಿ ಸಂಪಿನ ಮೋಟಾರ್ ಸ್ವಿಚ್ ಪೋರ್ಟಿಕೋದ ಗೋಡೆಯ ಮೇಲೇ ಇತ್ತು, ಮಂಡಿ ಎತ್ತರದಲ್ಲಿ. ಪಕ್ಕದ ಗೋಡೆಗೆ ಗ್ಯಾಸ್ ಗೀಸರ್. ಹೊಸ್ತಿಲ ಪಕ್ಕ ಸಂಜೆ ದೀಪ ಇಡುವ ಗೂಡು.

ಕಾರನ್ನು ಸ್ಟಾರ್ಟ್ ಮಾಡದೆ ತಳ್ಳಿಕೊಂಡು ಗೇಟಿನ ಹೊರಗೆ ತಂದೆವು. ಸಂಪಿನ ಮುಚ್ಚಳ ತೆಗೆದು ಗಾಳಿ ಆಡಲು ಬಿಟ್ಟೆವು. ಅಲ್ಲಿಯವರೆಗೆ ಮೋಟಾರ್ ಸ್ವಿಚ್ ಮುಟ್ಟಬೇಡಿ, ಆನ್ ಮಾಡುವುದೂ ಬೇಡ ಆಫ್ ಮಾಡುವುದೂ ಬೇಡ ಅಂತ ಮನೆಯವರಿಗೆ ಹೇಳಿದೆ. ಲೀಕ್ ಸರಿಯಾಗುವ ತನಕ ಕಾರು ಬಯಲಲ್ಲೇ ಇರಲಿ ಅಂದಾಗ ಮಾಲೀಕರಿಗೆ ಬೇಸರವಾಯಿತು. ಮಳೆ ಬಂದರೆ? ಹೊದಿಕೆ ಹಾಕಿ ಅಂದೆ. ಬಣ್ಣವನ್ನು ಮತ್ತೆ ಹೊಡೆಸಬಹುದು.

ಬ್ಯಾಟರಿ ವಿಷಯಕ್ಕೆ ಬಂದರೆ, ಈ ಕಾಲದ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಅರ್ಥ್. ಕಾರಿನ ಬಾಡಿಗೆ, ಅಂದರೆ ಲೋಹದ ಮೈಗೆ, ಸೇರಿರುವುದು ಪ್ಲಸ್ ತಂತಿ. ನಮ್ಮ ಹುಡುಗರಿಗೆ ಕಣ್ಣುಮುಚ್ಚಿ ಮೈನಸ್ ಬಿಚ್ಚುವುದು ರೂಢಿ. ಇಲ್ಲಿ ಮೊದಲು ಮೈನಸ್‌ಗೆ ಸ್ಪ್ಯಾನರ್ ಹಾಕಿ, ಅದು ಬಾಡಿಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ. ಬ್ಯಾಟರಿ ಇರುವುದು ಬಾನೆಟ್ ಒಳಗೆ, ಪೆಟ್ರೋಲ್ ಪಂಪಿನ ಹತ್ತಿರವೇ. ಆದ್ದರಿಂದ ಬಾಡಿಗೆ ಹೋಗುವ ತಂತಿ ಯಾವುದು ಅಂತ ಕಣ್ಣಿಂದ ನೋಡಿ, ಅದನ್ನೇ ಮೊದಲು ಬಿಚ್ಚಬೇಕು. ಪೌಡರ್ ಇರುವ ಬೆಂಕಿ ಆರಿಸುವ ಸಿಲಿಂಡರ್ ಒಂದನ್ನು ಕೈಗೆ ಸಿಗುವ ಹಾಗೆ ಇಟ್ಟುಕೊಂಡೇ ಕೆಲಸ ಶುರು ಮಾಡಿದ್ದು. ಪೆಟ್ರೋಲ್ ಬೆಂಕಿಗೆ ನೀರು ಹಾಕಿದರೆ ಬೆಂಕಿ ನೀರಿನ ಮೇಲೆ ತೇಲಿ ಇನ್ನೂ ಹರಡುತ್ತದೆ.

ಈಗ ಕಾರಿನ ಪೆಟ್ರೋಲ್ ದಾರಿ ಹೇಗಿದೆ ಅಂತ ಸ್ವಲ್ಪ ಹೇಳಬೇಕು. ಇದು ಗೊತ್ತಿಲ್ಲದೆ ಹುಡುಕಿದರೆ ಕತ್ತಲಲ್ಲಿ ಕೈ ಹಾಕಿದಂತೆಯೇ.

ಮಾರಿಸ್ ಮೈನರ್ ಕಾರನ್ನು ಅಲೆಕ್ ಇಸಿಗೋನಿಸ್ ವಿನ್ಯಾಸ ಮಾಡಿದರು. 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಮೊದಲು ತೋರಿಸಿದ್ದು. 1952ರಲ್ಲಿ ಆಸ್ಟಿನ್ ಮತ್ತು ಮಾರಿಸ್ ಒಂದಾದ ಮೇಲೆ ಆಸ್ಟಿನ್ನಿನ 803 ಸಿಸಿ ಎಂಜಿನ್ ಇದರೊಳಗೆ ಬಂತು. ಟ್ಯಾಂಕ್ ಹಿಂದೆ, ಡಿಕ್ಕಿಯ ನೆಲದಲ್ಲಿ. ಅಲ್ಲಿಂದ ಒಂದು ಸಣ್ಣ ಕಬ್ಬಿಣದ ಪೈಪ್ ಕಾರಿನ ಹೊಟ್ಟೆಯ ಕೆಳಗೆ ಉದ್ದಕ್ಕೂ ಮುಂದೆ ಬರುತ್ತದೆ. ಮುಂದೆ, ಎಂಜಿನ್ ಮತ್ತು ಡ್ರೈವರ್ ನಡುವಿನ ಗೋಡೆಯ ಮೇಲೆ, ಎಸ್‌ಯು ಕಂಪನಿಯ ಎಲೆಕ್ಟ್ರಿಕ್ ಪಂಪ್. ಪಂಪಿನಿಂದ ಕಾರ್ಬೊರೇಟರಿಗೆ, ಅಂದರೆ ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್‌ಗೆ ಕೊಡುವ ಭಾಗಕ್ಕೆ, ಚಿಕ್ಕದೊಂದು ಪೈಪ್.

ಅಂದರೆ ಪಂಪ್ ಟ್ಯಾಂಕಿನ ಹತ್ತಿರ ಇಲ್ಲ. ಹಿಂದಿನಿಂದ ಮುಂದಿನವರೆಗೆ ಪೆಟ್ರೋಲನ್ನು ಅದು ಎಳೆಯುತ್ತದೆ, ಆಮೇಲೆ ಕೊನೆಯ ಚಿಕ್ಕ ತುಂಡಿನಲ್ಲಿ ಮಾತ್ರ ತಳ್ಳುತ್ತದೆ. ಎಳೆಯುವ ಕಡೆ ತೂತಾದರೆ ಒಂದು ಲಕ್ಷಣ, ತಳ್ಳುವ ಕಡೆ ತೂತಾದರೆ ಬೇರೆಯೇ ಲಕ್ಷಣ. ತಳ್ಳುವ ಕಡೆ ತೂತಾದರೆ ಪೆಟ್ರೋಲ್ ಹೊರಗೆ ಚಿಮ್ಮುತ್ತದೆ, ಕಣ್ಣಿಗೆ ಕಾಣುತ್ತದೆ. ಎಳೆಯುವ ಕಡೆ ತೂತಾದರೆ ಎಂಜಿನ್ ಓಡುವಾಗ ಏನೂ ಹೊರಗೆ ಬರುವುದಿಲ್ಲ. ಎಳನೀರಿನ ಸ್ಟ್ರಾದಲ್ಲಿ ತೂತಿದ್ದರೆ ಏನಾಗುತ್ತದೆ ನೋಡಿ. ಎಳನೀರು ಸೋರುವುದಿಲ್ಲ, ಗಾಳಿ ಒಳಗೆ ಬರುತ್ತದೆ, ಬಾಯಿಗೆ ಕಡಿಮೆ ಸಿಗುತ್ತದೆ. ನಂದಿ ಬೆಟ್ಟದಲ್ಲಿ ಆಗಿದ್ದು ಇದೇ ಇರಬಹುದು ಅನ್ನುವ ಅನುಮಾನ ಆಗಲೇ ಬಂತು. ಏರಿನಲ್ಲಿ ಎಂಜಿನ್‌ಗೆ ಜಾಸ್ತಿ ಪೆಟ್ರೋಲ್ ಬೇಕು. ಪೈಪಿನಲ್ಲಿ ಅರ್ಧ ಗಾಳಿ.

ಹಿಂದೆ ನೋಡಿದ ಮೆಕ್ಯಾನಿಕ್ ಎಂಜಿನ್ ಆನ್ ಮಾಡಿ, ಕೆಳಗೆ ಮಲಗಿ, ಟಾರ್ಚ್ ಹಿಡಿದು ಪೂರ್ತಿ ಪೈಪ್ ನೋಡಿದ್ದರಂತೆ. ಒಣಗಿಯೇ ಇತ್ತು ಅಂತ ಮಾಲೀಕರು ಹೇಳಿದರು. ಒಣಗಿಯೇ ಇರಬೇಕು. ಎಂಜಿನ್ ಓಡುವಾಗ ಆ ಪೈಪಿನಲ್ಲಿ ಲೀಕ್ ತೋರುವುದೇ ಇಲ್ಲ.

ಎಸ್‌ಯು ಪಂಪ್ ತಾನೇ ಬಾಯಿಬಿಟ್ಟು ಹೇಳುವ ಯಂತ್ರ. ಒಳಗೆ ಕರೆಂಟ್ ಹರಿಯುವ ಒಂದು ಕಾಯಿಲ್ ಡಯಾಫ್ರಮ್ ಅನ್ನುವ ಮೆತ್ತನೆ ಪೊರೆಯನ್ನು ಎಳೆಯುತ್ತದೆ, ಕೊನೆಯಲ್ಲಿ ಕರೆಂಟ್ ಕೊಡುವ ಪಾಯಿಂಟ್ ಬಿಟ್ಟುಕೊಳ್ಳುತ್ತದೆ, ಸ್ಪ್ರಿಂಗ್ ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ. ಪ್ರತಿ ಸಲ ಒಂದು "ಟಿಕ್". ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಡಬ್ಬಿ ತುಂಬಿ, ಅದರ ಬಾಯಿಯ ಸೂಜಿ, ಅಂದರೆ ನೀಡಲ್, ಮುಚ್ಚಿಕೊಂಡರೆ ಪೆಟ್ರೋಲಿಗೆ ಹೋಗಲು ಜಾಗವಿಲ್ಲ, ಟಿಕ್ ನಿಲ್ಲಬೇಕು. ಹಾಗಾಗಿ ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿ ಕಿವಿಗೊಟ್ಟರೆ ಬಹಳಷ್ಟು ಗೊತ್ತಾಗುತ್ತದೆ. ಸ್ವಲ್ಪ ಹೊತ್ತು ಟಿಕ್ ಟಿಕ್ ಅಂದು ನಿಂತರೆ ಸರಿಯಿದೆ. ನಿಂತ ಮೇಲೆ ಮತ್ತೆ ಮತ್ತೆ ಒಂದೊಂದು ಟಿಕ್ ಬರುತ್ತಿದ್ದರೆ ಪೆಟ್ರೋಲ್ ಎಲ್ಲೋ ಹೋಗುತ್ತಿದೆ: ತಳ್ಳುವ ಕಡೆ ಸೋರುತ್ತಿದೆ, ನೀಡಲ್ ಸರಿಯಾಗಿ ಮುಚ್ಚುತ್ತಿಲ್ಲ, ಇಲ್ಲವೇ ಪಂಪಿನ ಒಳಗಿನ ವಾಲ್ವಿನಿಂದ ವಾಪಸ್ ಹೋಗುತ್ತಿದೆ. ಬಡಬಡ ಅಂತ ಬೇಗ ಬೇಗ ಹೊಡೆದುಕೊಂಡು ನಿಲ್ಲದೇ ಇದ್ದರೆ ಪಂಪ್ ಗಾಳಿ ಎಳೆಯುತ್ತಿದೆ ಅಥವಾ ಟ್ಯಾಂಕ್ ಖಾಲಿ.

ಆ ದಿನ ಟ್ಯಾಂಕಿನಲ್ಲಿ ಪೆಟ್ರೋಲ್ ಅರ್ಧಕ್ಕಿಂತ ಕಡಿಮೆಯಿತ್ತು. ಕೀ ತಿರುಗಿಸಿದೆವು. ಬಡಬಡ ಶಬ್ದ ಬಹಳ ಹೊತ್ತು ನಿಲ್ಲಲಿಲ್ಲ. ಆಮೇಲೆ ನಿಧಾನವಾಯಿತು, ನಿಂತಿತು, ಮತ್ತೆ ಒಂದೊಂದೇ ಟಿಕ್ ಶುರುವಾಯಿತು. ಎರಡೂ ಲಕ್ಷಣ ಒಟ್ಟಿಗೆ! ಅಂದರೆ ಒಂದೇ ಲೀಕ್ ಅಲ್ಲ.

ತಳ್ಳುವ ಕಡೆಯದು ಸುಲಭವಾಗಿ ಸಿಕ್ಕಿತು. ಪಂಪಿನಿಂದ ಕಾರ್ಬೊರೇಟರಿಗೆ ಹಾಕಿದ್ದು ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬ್. ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಪಿವಿಸಿ. ಒಳಗೆ ಪೆಟ್ರೋಲ್ ಕಾಣುತ್ತದೆ ಅನ್ನುವ ಕಾರಣಕ್ಕೆ ಅನೇಕರಿಗೆ ಇದು ಇಷ್ಟ. ನನಗೆ ಇದನ್ನು ಕಂಡರೆ ಭಯ. ಪಿವಿಸಿಯನ್ನು ಮೆತ್ತಗೆ ಇಡುವ ಎಣ್ಣೆಯಂಥ ಪದಾರ್ಥವನ್ನು ಪೆಟ್ರೋಲ್ ಎಳೆದುಕೊಂಡುಬಿಡುತ್ತದೆ. ಆಮೇಲೆ ಟ್ಯೂಬ್ ಹಳದಿಯಾಗಿ, ಗಟ್ಟಿಯಾಗಿ, ಕುಗ್ಗುತ್ತದೆ. ಈ ಕಾರಿನದು ಉಗುರಿನಿಂದ ತಟ್ಟಿದರೆ ಕಟಕಟ ಅನ್ನುತ್ತಿತ್ತು. ಕ್ಲಿಪ್ ಎಷ್ಟು ಬಿಗಿ ಮಾಡಿದರೂ ಗಟ್ಟಿ ಟ್ಯೂಬ್ ಪೈಪನ್ನು ಹಿಡಿಯುವುದಿಲ್ಲ. ಕಾರ್ಬೊರೇಟರ್ ಕಡೆಯ ತುದಿಯಲ್ಲಿ ಹನಿ ಕಟ್ಟುತ್ತಿತ್ತು. ಈ ಎಂಜಿನ್‌ನಲ್ಲಿ ಕಾರ್ಬೊರೇಟರ್ ಮತ್ತು ಎಕ್ಸಾಸ್ಟ್ ಒಂದೇ ಪಕ್ಕದಲ್ಲಿವೆ. ಹನಿ ಬಿದ್ದರೆ ಬೀಳುವುದು ಸುಡುವ ಎಕ್ಸಾಸ್ಟ್ ಕಬ್ಬಿಣದ ಮೇಲೆ. ಈ ಕಾರಿಗೆ ಇಷ್ಟು ದಿನ ಬೆಂಕಿ ಹತ್ತದೇ ಇದ್ದದ್ದು ಮನೆಯವರ ಪುಣ್ಯ.

ಟ್ಯೂಬ್ ತೆಗೆದು, ಪರೀಕ್ಷೆಗೆ ಅಂತ ಹೊಸ ಹೋಸ್ ಹಾಕಿ ನೋಡಿದಾಗ ಆ ನಿಧಾನದ ಟಿಕ್ ನಿಂತುಹೋಯಿತು. ನೀಡಲ್ ಮತ್ತು ವಾಲ್ವ್ ಚೆನ್ನಾಗಿಯೇ ಇದ್ದವು ಅಂತ ಇದರಿಂದ ಖಾತ್ರಿಯಾಯಿತು. ಇಲ್ಲಿಗೇ ಬಾನೆಟ್ ಮುಚ್ಚಿದ್ದರೆ ಮತ್ತೆ ಕೆಲವು ವಾರ ವಾಸನೆ ಕಡಿಮೆಯಾಗುತ್ತಿತ್ತು, ಹಿಂದಿನ ಸಲದ ಹಾಗೆಯೇ.

ಎಳೆಯುವ ಕಡೆಗೆ ಬೇರೆ ಪರೀಕ್ಷೆ. ಪಂಪಿನಿಂದ ಹೊರಬರುವ ಹೋಸಿನ ತುದಿಯನ್ನು ಗಾಜಿನ ಬಾಟಲಿಯಲ್ಲಿ ಪೆಟ್ರೋಲಿನೊಳಗೆ ಮುಳುಗಿಸಿ, ಪಂಪಿಗೆ ಕರೆಂಟ್ ಕೊಡಬೇಕು. ಕರೆಂಟ್ ಕೊಡುವ ಸ್ವಿಚ್ ದೂರದಲ್ಲಿರಬೇಕು, ಬಾಟಲಿ ಹತ್ತಿರ ಯಾವ ತಂತಿಯೂ ಬಿಚ್ಚಿರಬಾರದು. ಮೊದಲು ಬರುವ ಗುಳ್ಳೆಗಳನ್ನು ಲೆಕ್ಕಕ್ಕೆ ಹಿಡಿಯಬಾರದು, ಅದು ಖಾಲಿ ಪೈಪಿನ ಗಾಳಿ. ಆಮೇಲೂ ಗುಳ್ಳೆ ಬರುತ್ತಲೇ ಇದ್ದರೆ ಎಲ್ಲೋ ತೂತಿದೆ. ಇಲ್ಲಿ ಬಾಟಲಿಯಲ್ಲಿ ಸೋಡಾ ತೆರೆದಷ್ಟು ಗುಳ್ಳೆ.

ತೂತು ಎಲ್ಲಿ? ಸೊಸೆಯ ಮಾತು ನೆನಪಿಗೆ ಬಂತು. ಟ್ಯಾಂಕ್ ತುಂಬಿದಾಗ ವಾಸನೆ, ಅರ್ಧವಾದ ಮೇಲೆ ಇಲ್ಲ. ಅಂದರೆ ತೂತು ಟ್ಯಾಂಕಿನ ತಳಕ್ಕಿಂತ ಮೇಲೆ, ತುಂಬಿದ ಮಟ್ಟಕ್ಕಿಂತ ಕೆಳಗೆ ಇರಬೇಕು. ಪೆಟ್ರೋಲ್ ಮಟ್ಟ ತೂತಿಗಿಂತ ಮೇಲಿದ್ದರೆ ಕಾರು ನಿಂತಾಗ ತನ್ನ ಭಾರಕ್ಕೇ ಹೊರಗೆ ಜಿನುಗುತ್ತದೆ. ಮಟ್ಟ ಕೆಳಗಿಳಿದರೆ ಜಿನುಗುವುದು ನಿಂತು ಗಾಳಿ ಒಳಗೆ ಹೋಗುತ್ತದೆ, ಪೈಪಿನಲ್ಲಿದ್ದ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಅದಕ್ಕೇ ಬೆಳಿಗ್ಗೆ ಪಂಪ್ ಅಷ್ಟು ಹೊತ್ತು ಬಡಬಡ ಅನ್ನುತ್ತಿದ್ದದ್ದು. ಈ ಕಾರಿನ ಹೊಟ್ಟೆಯ ಕೆಳಗೆ ಪೈಪ್ ಆ ಎತ್ತರಕ್ಕೆ ಬರುವುದು ಒಂದೇ ಕಡೆ: ಹಿಂದಿನ ಆಕ್ಸಲ್ ಮೇಲೆ ಕಮಾನಿನ ಹಾಗೆ ಹತ್ತಿ ಇಳಿಯುವ ಜಾಗ. ರಾತ್ರಿಯ ವಾಸನೆ, ಬೆಳಗಿನ ಬಡಬಡ, ನಂದಿ ಬೆಟ್ಟದ ಕೆಮ್ಮು, ಮೂರಕ್ಕೂ ಅದೇ ತೂತು ಕಾರಣ ಅಂತ ಅಲ್ಲಿಗೆ ನನಗೆ ಅನ್ನಿಸಿತು. ನೋಡಿ ಖಚಿತ ಮಾಡಿಕೊಳ್ಳುವುದು ಮಾತ್ರ ಬಾಕಿ.

ಟ್ಯಾಂಕ್ ತುಂಬಿಸಿ, ಆಕ್ಸಲ್ ಮೇಲಿನ ಪೈಪಿಗೆ ಒಣ ಸೀಮೆಸುಣ್ಣ ಉಜ್ಜಿ, ಕೆಳಗೆ ತಗಡಿನ ತಟ್ಟೆ ಇಟ್ಟು, ಬಯಲಲ್ಲೇ ಕಾರನ್ನು ಬಿಟ್ಟೆವು. ಬಿಳಿ ಸುಣ್ಣದ ಮೇಲೆ ಒದ್ದೆ ಕಲೆ ಬೇಗ ಎದ್ದು ಕಾಣುತ್ತದೆ. ಕಲೆ ಬಂದದ್ದು ಪೈಪನ್ನು ಬಾಡಿಗೆ ಹಿಡಿದಿರುವ ಕ್ಲಿಪ್ಪಿನ ಅಂಚಿನಲ್ಲಿ. ಕ್ಲಿಪ್ ಬಿಚ್ಚಿದರೆ ಒಳಗೆ ಹಳೇ ಕೆಸರು, ಕೆಸರಿನ ಕೆಳಗೆ ತುಕ್ಕು, ತುಕ್ಕಿನ ನಡುವೆ ಗುಂಡುಸೂಜಿ ತುದಿಯಷ್ಟು ತೂತು. ಚಕ್ರ ಎರಚುವ ಕೊಚ್ಚೆ ಆ ಕ್ಲಿಪ್ಪಿನೊಳಗೆ ಕೂತು ಮಳೆಗಾಲವೆಲ್ಲ ತೇವ ಹಿಡಿದಿಟ್ಟಿತ್ತು. ಕಣ್ಣಿಗೆ ಕಾಣುವ ಪೈಪೆಲ್ಲ ಬಣ್ಣ ಹೊಡೆದು ಚೆನ್ನಾಗಿತ್ತು. ಕೆಟ್ಟಿದ್ದು ಕ್ಲಿಪ್ ಮುಚ್ಚಿದ್ದ ಆ ಅರ್ಧ ಇಂಚು.

ಅಲ್ಲಿಂದ ಸ್ವಲ್ಪ ಮುಂದೆ ಹಿಂದೆ ಯಾವಾಗಲೋ ಪೈಪ್ ಕತ್ತರಿಸಿ ಎರಡು ತುದಿಗೂ ರಬ್ಬರ್ ಹೋಸ್ ಹಾಕಿ ಸೇರಿಸಿದ್ದರು. ಅದು ಇನ್ನೂ ಸೋರುತ್ತಿರಲಿಲ್ಲ. ಆದರೆ ಬಿಚ್ಚಿ ಸೀಳಿ ನೋಡಿದರೆ ಒಳಗೋಡೆ ಉಬ್ಬಿ, ಅಂಟಂಟಾಗಿ, ಬೆರಳಿಗೆ ಕಪ್ಪು ಹಿಡಿಯುತ್ತಿತ್ತು.

ಇದಕ್ಕೆ ಕಾರಣ ಇವತ್ತಿನ ಪೆಟ್ರೋಲ್. ಈ ವಿಷಯ ಹಳೇ ಕಾರು ಇಟ್ಟುಕೊಂಡಿರುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು ಅಂತ ನನ್ನ ಆಸೆ. ಶೇಕಡಾ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲನ್ನು ದೇಶದಲ್ಲಿ ಮೊದಲು ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಅದಕ್ಕೂ ಮುಂಚೆ ಶೇಕಡಾ 10ರ ಮಿಶ್ರಣ ಇತ್ತು. ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದೇ ಇ20. ಹೊಸ ಕಾರುಗಳನ್ನು ಅದಕ್ಕೆ ತಕ್ಕಂತೆ ಮಾಡುತ್ತಾರೆ. 1954ರಲ್ಲಿ ಈ ಕಾರು ಮಾಡಿದವರಿಗೆ ಅದರ ಯೋಚನೆಯೇ ಇರಲಿಲ್ಲ. ಎಥನಾಲ್ ಹಳೇ ಮಾದರಿಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಅದಕ್ಕಿಂತ ಕೆಟ್ಟದ್ದು, ಅದು ಗಾಳಿಯ ತೇವವನ್ನು ಹೀರುತ್ತದೆ. ದಿನಾ ಓಡುವ ಕಾರಿನಲ್ಲಿ ಪೆಟ್ರೋಲ್ ಹೊಸದಾಗುತ್ತಲೇ ಇರುತ್ತದೆ, ಅಷ್ಟು ತೊಂದರೆಯಿಲ್ಲ. ತಿಂಗಳುಗಟ್ಟಲೆ ನಿಲ್ಲುವ ಕಾರಿನಲ್ಲಿ ನೀರು ಜಾಸ್ತಿಯಾದರೆ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತವೆ. ಟ್ಯಾಂಕಿನ ತಳ, ಪೈಪಿನ ತಗ್ಗು, ಎಲ್ಲ ಒಳಗಿನಿಂದ ತುಕ್ಕು ಹಿಡಿಯುತ್ತವೆ. ಈ ಕಾರಿನ ಪೈಪ್ ಹೊರಗಿನಿಂದ ಕೆಸರು ತಿಂದದ್ದು ನಿಜ, ಆದರೆ ತೂತಿನ ಪಕ್ಕದಲ್ಲಿ ಕತ್ತರಿಸಿ ನೋಡಿದಾಗ ಒಳಗೋಡೆಯೂ ಕೆಂಪಾಗಿತ್ತು.

ಇಲ್ಲಿ ಮಾಲೀಕರಿಗೂ ನನಗೂ ಸ್ವಲ್ಪ ವಾದವಾಯಿತು. "ತೂತಿರೋ ಜಾಗ ಮಾತ್ರ ಕತ್ತರಿಸಿ ಹೋಸ್ ಹಾಕಿಬಿಡಿ. ಮಿಕ್ಕಿದ್ದು ಒರಿಜಿನಲ್ ಪೈಪು, ನಮ್ಮಪ್ಪನ ಕಾಲದ್ದು" ಅಂದರು. ಅವರ ಭಾವನೆ ನನಗೆ ಅರ್ಥವಾಗುತ್ತದೆ. ಆದರೆ ಕೆಳಗಿನ ಪೈಪಿಗೆ ಇಂಥ ಕ್ಲಿಪ್ ಇನ್ನೂ ಅನೇಕ ಇವೆ, ಪ್ರತಿಯೊಂದರ ಕೆಳಗೂ ಅದೇ ಕೆಸರು. ಎರಡು ಕ್ಲಿಪ್ ಬಿಚ್ಚಿ ತೋರಿಸಿದೆ. ತೂತಾಗಿರಲಿಲ್ಲ, ಆದರೆ ಉಗುರಿಗೆ ಸಿಗುವಷ್ಟು ಗುಂಡಿ ಬಿದ್ದಿತ್ತು. ಅವರು ಸುಮ್ಮನೆ ನೋಡಿದರು. "ಪೂರ್ತಿ ಬದಲಾಯಿಸಿ, ಹಳೇದನ್ನು ಎಸೀಬೇಡಿ" ಅಂದರು. ಹಳೇ ಪೈಪ್ ತೊಳೆದು, ಒಣಗಿಸಿ, ಅವರಿಗೇ ಕೊಟ್ಟೆವು. ಹೊಸದನ್ನು ಬಗ್ಗಿಸಲು ಅದೇ ಅಚ್ಚೂ ಆಯಿತು.

2021ರ ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿ ವಿಂಟೇಜ್. ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಪೈಪ್ ಬದಲಾದರೆ ಆ ಮಾನ್ಯತೆ ಹೋಗುತ್ತದೆಯಾ ಅಂತ ಮಾಲೀಕರು ಕೇಳಿದ್ದಕ್ಕೆ ಈ ಮಾತು. ಸವೆಯುವ ಭಾಗ ಬದಲಾಯಿಸಿದರೆ ಕಾರಿನ ರೂಪ ಬದಲಾಗುವುದಿಲ್ಲ.

ಸಾಮಾನಿಗೆ ಬೆಂಗಳೂರಿನ ಗಾಡಿ ಬಿಡಿಭಾಗಗಳ ಬೀದಿ, ಜೆ.ಸಿ. ರಸ್ತೆ. ಅಲ್ಲಿ ಹೋಸ್ ಕೇಳಿದರೆ ಎದುರಿಗೆ ಹತ್ತು ಬಗೆ ಸುರಿಯುತ್ತಾರೆ, ಎಲ್ಲವೂ "ಪೆಟ್ರೋಲ್ ಪೈಪೇ ಸಾರ್". ಮೈಮೇಲೆ ಏನು ಬರೆದಿದೆ ಅಂತ ಓದಬೇಕು. ಎಸ್‌ಎಇ ಜೆ30 ಅನ್ನುವ ಮಾನದಂಡದಲ್ಲಿ ಆರ್6, ಆರ್7 ಅಂತ ಇರುವುವು ಕಾರ್ಬೊರೇಟರ್ ಗಾಡಿಗಳ ಕಡಿಮೆ ಒತ್ತಡದ ಹೋಸ್. ಹಳೇ ಪೆಟ್ರೋಲಿಗೆ ಸಾಕಾಗಿತ್ತು. ಆರ್9 ಅಂತ ಇರುವುದು ಇಂಜೆಕ್ಷನ್ ಗಾಡಿಗಳ ಹೋಸ್. ಅದರ ಒಳಪದರ ಫ್ಲೋರೋ ರಬ್ಬರ್, ಎಥನಾಲ್ ಅದನ್ನು ಏನೂ ಮಾಡುವುದಿಲ್ಲ. ಈ ಪಂಪಿನ ಒತ್ತಡ ಬರೀ ಒಂದೂವರೆ ಪಿಎಸ್‌ಐ (ಚದರ ಇಂಚಿಗೆ ಒಂದೂವರೆ ಪೌಂಡ್) ಆಸುಪಾಸು, ಅಷ್ಟಕ್ಕೆ ಇಂಜೆಕ್ಷನ್ ಹೋಸ್ ಯಾಕೆ ಅಂತ ಅಂಗಡಿಯವರು ಕೇಳಿದರು. ನನಗೆ ಬೇಕಾದದ್ದು ಆ ಒಳಪದರ, ಒತ್ತಡದ ಲೆಕ್ಕ ಅಲ್ಲ. ಮುದ್ರೆಯನ್ನೂ ಪೂರ್ತಿ ನಂಬುವ ಹಾಗಿಲ್ಲ. ಎರಡು ಅಂಗಡಿಯ ತುಂಡುಗಳನ್ನು ಬಂಕಿನ ಪೆಟ್ರೋಲ್ ಇರುವ ಮುಚ್ಚಿದ ಗಾಜಿನ ಬಾಟಲಿಯಲ್ಲಿ ವಾರಗಟ್ಟಲೆ ಮುಳುಗಿಸಿ ಇಟ್ಟೆ. ಒಂದು ಹಾಗೇ ಇತ್ತು. ಇನ್ನೊಂದು, ಆರ್9 ಅಂತ ಬರೆದಿದ್ದೇ, ಉಬ್ಬಿ ಪೆಟ್ರೋಲನ್ನು ಕಂದು ಮಾಡಿತು. ಕಾರಿಗೆ ಹೋಗಿದ್ದು ಮೊದಲನೆಯದು. ತಾಳ್ಮೆ ಇದ್ದರೆ ಈ ಬಾಟಲಿ ಪರೀಕ್ಷೆ ಯಾರು ಬೇಕಾದರೂ ಮಾಡಬಹುದು.

ಉದ್ದದ ಪೈಪಿಗೆ ತಾಮ್ರ ಹಾಕಿ ಅಂದವರು ಬಹಳ ಜನ. ತಾಮ್ರ ಕೈಯಲ್ಲೇ ಬಗ್ಗುತ್ತದೆ, ಸುಲಭವಾಗಿ ಸಿಗುತ್ತದೆ. ಆದರೆ ಓಡುವ ಗಾಡಿಯ ನಡುಕಕ್ಕೆ ಅದು ನಿಧಾನವಾಗಿ ಗಟ್ಟಿಯಾಗಿ ಬಿರುಕು ಬಿಡುತ್ತದೆ. ತಾಮ್ರ ಮತ್ತು ನಿಕ್ಕಲ್ ಬೆರೆತ ಪೈಪ್ ಹುಡುಕಿ ತಂದೆವು. ಬ್ರೇಕ್ ಲೈನಿಗೆ ಬಳಸುವ ಜಾತಿ, ತುಕ್ಕು ಹಿಡಿಯುವುದಿಲ್ಲ. ಮೂಲ ಪೈಪಿನ ಹೊರವ್ಯಾಸ 5/16 ಇಂಚು, 8 ಮಿಲಿಮೀಟರಿಗಿಂತ ಕೂದಲೆಳೆ ಕಡಿಮೆ. ತುದಿಯ ಯೂನಿಯನ್ ನಟ್ಟುಗಳು ಬ್ರಿಟಿಷ್ ಥ್ರೆಡ್. ಮೆಟ್ರಿಕ್ ನಟ್ ಎರಡು ಸುತ್ತು ಹೋಗಿ ಸಿಕ್ಕಿಕೊಳ್ಳುತ್ತದೆ, ಬಲವಂತ ಮಾಡಿದರೆ ಪಂಪಿನ ಮೈ ಕೆಡುತ್ತದೆ. ಆದ್ದರಿಂದ ಹಳೇ ನಟ್ಟುಗಳನ್ನೇ ಶುಚಿ ಮಾಡಿ ಉಳಿಸಿಕೊಂಡೆವು. ನಟ್ಟಿನೊಳಗೆ ಪೈಪ್ ತುದಿಗೆ ಕೂರುವ, ಸವೆದಿದ್ದ ಒಂದು ನಿಪ್ಪಲ್ಲನ್ನು ಕಲಾಸಿಪಾಳ್ಯದ ಲೇತ್ ಅಂಗಡಿಯಲ್ಲಿ ಹಿತ್ತಾಳೆಯಲ್ಲಿ ತಿರುವಿಸಿದೆವು. ಅರ್ಧ ಗಂಟೆಯ ಕೆಲಸ, ಅಳತೆ ಅಚ್ಚುಕಟ್ಟು. ಬೆಂಗಳೂರಿನಲ್ಲಿ ಹಳೇ ಕಾರು ಉಳಿದಿರುವುದು ಇಂಥ ಕೈಗಳಿಂದ. ಇದನ್ನು ಹೇಳಲೇಬೇಕು.

ಜೋಡಿಸುವ ಕೆಲಸದಲ್ಲಿ ಕೆಲವು ವಿಷಯ ಮಾತ್ರ ಹೇಳುತ್ತೇನೆ. ಟ್ಯಾಂಕ್ ಖಾಲಿ ಮಾಡಿ ಪೆಟ್ರೋಲನ್ನು ಮುಚ್ಚಳವಿರುವ ಲೋಹದ ಕ್ಯಾನಿಗೆ ತುಂಬಿದೆವು. ಹೋಸ್ ಕೂರುವ ಪೈಪ್ ತುದಿಗೆ ಸಣ್ಣ ಉಬ್ಬು ಮಾಡಿದೆವು. ಉಬ್ಬಿನ ಹಿಂದೆ ಕ್ಲಿಪ್ ಕೂತರೆ ಹೋಸ್ ಜಾರುವುದಿಲ್ಲ. ಹಿಂದಿನವರು ನುಣುಪು ಪೈಪಿನ ಮೇಲೆ ಹಾಕಿ, ಹಲ್ಲಿನ ಕ್ಲಿಪ್ಪನ್ನು ರಬ್ಬರ್ ಸೀಳುವಷ್ಟು ಬಿಗಿ ಮಾಡಿದ್ದರು. ಅದರ ಬದಲು ಒಳಗಡೆ ನುಣುಪಾಗಿರುವ, ಅಂಚು ಮಡಚಿದ ಇಂಜೆಕ್ಷನ್ ಕ್ಲಿಪ್ ಹಾಕಿದೆವು. ಪೈಪ್ ಹಿಡಿಯುವ ಪ್ರತಿ ಕ್ಲಿಪ್ಪಿಗೂ ರಬ್ಬರ್ ತೊಡಿಸಿ, ಕೆಸರು ಕೂರದಂತೆ ಮೇಲೆ ಮೇಣದಂಥ ತುಕ್ಕು ನಿರೋಧಕ ಬಳಿದೆವು. ಟೆಫ್ಲಾನ್ ಟೇಪ್ ಎಲ್ಲೂ ಸುತ್ತಲಿಲ್ಲ, ಎಂ-ಸೀಲ್ ಮುಟ್ಟಲೇ ಇಲ್ಲ. ಟೇಪಿನ ಎಳೆ ಒಳಗೆ ಹೋಗಿ ಕಾರ್ಬೊರೇಟರ್ ನೀಡಲ್ಲಿಗೆ ಸಿಕ್ಕಿದರೆ ಪೆಟ್ರೋಲ್ ಉಕ್ಕುತ್ತದೆ, ಹೊಸ ಲೀಕ್ ಹುಟ್ಟುತ್ತದೆ. ಪಂಪಿನ ಒಳಜಾಲರಿ ತೆಗೆದು ತೊಳೆದೆವು, ಪಾಯಿಂಟ್ ಒರೆಸಿದೆವು.

ಹಿಂದಿನ ಗ್ಯಾರೇಜಿನವರು ಹಳೇ ಪಂಪ್ ತೆಗೆದು ಮಾರ್ಕೆಟ್ಟಿನ ಹೊಸ ಎಲೆಕ್ಟ್ರಿಕ್ ಪಂಪ್ ಹಾಕಿ ಅಂತ ಸಲಹೆ ಕೊಟ್ಟಿದ್ದರಂತೆ. ಇಂಜೆಕ್ಷನ್ ಗಾಡಿಯ ಪಂಪ್ ಏನಾದರೂ ಹಾಕಿದ್ದರೆ ಅದರ ಒತ್ತಡಕ್ಕೆ ಫ್ಲೋಟ್ ನೀಡಲ್ ತಡೆಯುವುದಿಲ್ಲ. ಕಾರ್ಬೊರೇಟರ್ ತುಂಬಿ, ಕೆಳಗಿನ ಎಕ್ಸಾಸ್ಟ್ ಮೇಲೆ ಸುರಿಯುತ್ತಿತ್ತು. ಈ ಸಲಹೆ ಕೇಳದಿದ್ದದ್ದು ಒಳ್ಳೆಯದಾಯಿತು.

ಪರೀಕ್ಷೆಯಲ್ಲಿ ಮೊದಲು ಕೀ ಮಾತ್ರ. ಟಿಕ್ ಟಿಕ್ ಅಂದು ನಿಂತಿತು, ನಿಂತೇ ಇತ್ತು. ಬಾಟಲಿಯಲ್ಲಿ ಗುಳ್ಳೆ ಇಲ್ಲ. ಆಮೇಲೆ ಟ್ಯಾಂಕ್ ಪೂರ್ತಿ ತುಂಬಿಸಿ, ಪ್ರತಿ ಜೋಡಣೆಗೂ ಟಿಶ್ಯೂ ಕಾಗದ ಸುತ್ತಿ ರಾತ್ರಿಯಿಡೀ ಬಿಟ್ಟೆವು. ನನಗೆ ಮುಖ್ಯವಾಗಿದ್ದು ಈ ನಿಂತ ಗಾಡಿಯ ಪರೀಕ್ಷೆಯೇ. ಬೆಳಿಗ್ಗೆ ಕಾಗದವೆಲ್ಲ ಒಣಗಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಲಾಲ್‌ಬಾಗ್ ಸುತ್ತಿ, ಮಿನರ್ವ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಬೇಕೆಂದೇ ಸಿಕ್ಕಿಕೊಂಡು, ಎಂಜಿನ್ ಚೆನ್ನಾಗಿ ಕಾದ ಮೇಲೆ ಮತ್ತೆ ನೋಡಿದೆವು. ಬಿಸಿಯಲ್ಲಿ ರಬ್ಬರ್ ಸಡಿಲವಾಗುವುದರಿಂದ ಕ್ಲಿಪ್ಪುಗಳನ್ನು ಒಂದು ಸಲ ಮೆಲ್ಲಗೆ ಬಿಗಿ ಮಾಡಬೇಕಾಯಿತು. ಮಾಲೀಕರು ಆಮೇಲೆ ನಂದಿ ಬೆಟ್ಟ ಹತ್ತಿ ಬಂದರು. ಕೆಮ್ಮಲಿಲ್ಲ.

ಕಾರು ಈಗ ಪೋರ್ಟಿಕೋಗೆ ವಾಪಸ್ ಬಂದಿದೆ, ಆದರೆ ಸಂಪಿನ ಮೇಲೆ ನಿಲ್ಲುವುದಿಲ್ಲ. ಗೇಟಿನ ಕಡೆ ಒಂದು ಕಾರಿನಷ್ಟು ಮುಂದೆ ನಿಲ್ಲಿಸುತ್ತಾರೆ. ಮುಚ್ಚಳಕ್ಕೆ ರಬ್ಬರ್ ಅಂಚು ಹಾಕಿಸಿದ್ದಾರೆ, ಮೋಟಾರ್ ಸ್ವಿಚ್ಚನ್ನು ಮನೆಯೊಳಗೆ ತೆಗೆದುಕೊಂಡು ಹೋಗಿದ್ದಾರೆ. ಹೋಸ್ ಹಾಕಿದ ತಿಂಗಳು, ವರ್ಷ ಬರೆದ ಚೀಟಿಯನ್ನು ಬಾನೆಟ್ ಒಳಗೆ ಕಟ್ಟಿದ್ದೇವೆ. ಟಿಕ್ ನಿಲ್ಲದಿದ್ದರೆ ಕೀ ಆಫ್ ಮಾಡಿ ಕೆಳಗಿಳಿಯಬೇಕು ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿಕೊಟ್ಟಿದ್ದೇನೆ.

ಉಳಿದಿರುವುದು ಟ್ಯಾಂಕ್. ತಳದಲ್ಲಿ ತುಕ್ಕಿನ ಪುಡಿ ಇದೆ. ಸದ್ಯಕ್ಕೆ ಪಂಪಿನ ಜಾಲರಿ ಅದನ್ನು ಹಿಡಿಯುತ್ತಿದೆ. ಮುಂದಿನ ಬೇಸಿಗೆಯಲ್ಲಿ ಟ್ಯಾಂಕ್ ಇಳಿಸಿ, ಒಳಗೆ ತೊಳೆದು, ಎಥನಾಲ್ ತಡೆಯುವ ಲೇಪನ ಹಾಕುವ ಯೋಚನೆಯಿದೆ. ತೂತೇನಾದರೂ ಸಿಕ್ಕರೆ ವೆಲ್ಡಿಂಗ್ ಮಾತು ಬೇಡ ಅಂತ ಈಗಲೇ ಹೇಳಿಟ್ಟಿದ್ದೇನೆ. ಖಾಲಿ ಟ್ಯಾಂಕಿನಲ್ಲಿ ಉಳಿಯುವ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯ. ಅಲ್ಲಿಯವರೆಗೆ ಪ್ರತಿ ತಿಂಗಳು ಜಾಲರಿ ಬಿಚ್ಚಿ ನೋಡಬೇಕು.